ಲಬರ್ನಮ್ ಹೂಬಿಡುವ ಕಾಲವೂ ನಮ್ಮ ಕಕ್ಕೆಯ ಮರವೂ

ನಮ್ಮ ಪಾಠಶಾಲೆಯ ಆವರಣದಲ್ಲಿ ಬಾವಿಗೂ ಬೋರ್ಡಿಂಗ್ ಮನೆಗೂ ನಡುವೆ ನಿಂತಿರುವ ಮುದಿ ಕಕ್ಕೆಯ ಮರವನ್ನು ಅರಿಯದ ಹಳೆಯ ವಿದ್ಯಾರ್ಥಿನಿಯು ಒಬ್ಬಳೂ ಇರಲಾರಳು. ಅದರ ನೆರಳಿನಲ್ಲಿ ಎಷ್ಟೋ ವರ್ಷ ಹೊಲಿಗೆಯ ತರಗತಿಗಳು ನಡೆದುವು. ಅದರ ಬುಡದ ಕಟ್ಟೆಯ ಮೇಲೆ ಕುಳಿತು ಮಗ್ಗಿಯನ್ನು ಒಪ್ಪಿಸಿದವರಲ್ಲಿ ಕೆಲವರು ಈಗ ಅಜ್ಜಿಯರಾಗಿದ್ದಾರೆ. ಊರಿಗೆ ಬಂದಾಗ ನಮ್ಮನ್ನು ಕಾಣಬರುವವರು ಕ್ಷೇಮಸಮಾಚಾರವು ಮುಗಿಯುವುದಕ್ಕೆ ಮುಂಚೆಯೇ, "ಅಮ್ಮನವರೇ, ನಮ್ಮ ಲಬರ್ನಮ್ ಮರ ಚೆನ್ನಾಗಿದೆಯೇ?" ಎಂದು ಕೇಳುವುದುಂಟು. ಕಕ್ಕೆಯೆಂಬ ಅಚ್ಚಗನ್ನಡದ ಹೆಸರು ಇದ್ದರೂ ನಮ್ಮ ಶಾಲೆಯಲ್ಲಿ ಲಬರ್ನಮ್ ಎಂಬ ಹೆಸರೇ ರೂಢಿಯಾಗಿ ನಿಂತುಬಿಟ್ಟಿತು. ಹಿಂದೆ ಇಲ್ಲಿ ಕಲಿಸುತ್ತಿದ್ದ ದೊರಸಾನಿಯವರು ತಮ್ಮ ಸೀಮೆಯ ಹೂವನ್ನು ನೆನೆದು ಹಾಗೆ ಕರೆದರಂತೆ. ಅವರಿಂದ ನಮ್ಮ ಉಪಾಧ್ಯಾಯಿನಿಯರು ಕಲಿತರು. ಅವರಿಂದ ನಾವು ಕಲಿತೆವು. ನಾವು ನಿಮಗೆ ಕಲಿಸಿದೆವು. ಈ ಹೆಸರಿನಲ್ಲಿ ಒಂದು ತಪ್ಪು ಅಡಗಿತ್ತು. ಅದರಿಂದ ಒಂದು ಮನೆಯಲ್ಲಿ ದೊಡ್ಡ ಕೇಡು ಸಂಭವಿಸುವುದರಲ್ಲಿತ್ತು. ಅದನ್ನು ತಿಳಿಸಿ, ತಪ್ಪನ್ನು ತಿದ್ದುವುದೇ ಈ ಲೇಖನದ ಉದ್ದೇಶವಾಗಿದೆ.

ಕೆಲವು ವರ್ಷಗಳ ಹಿಂದೆ, ಮದುವೆಯಾಗಿ ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೊಂದು ಪತ್ರವನ್ನು ಬರೆದಳು. ಹೊಸ ಮನೆಯ ತೋಟಕ್ಕೆಂದು ಸಸಿಗಳನ್ನು ಕೊಳ್ಳಲು ಹೋದಾಗ ಲಬರ್ನಮ್ ಎಂಬ ಚೀಟಿಯನ್ನು ಕಟ್ಟಿದ್ದ ಗಿಡವೊಂದನ್ನು ಕಂಡು, ಶಾಲೆಯ ನೆನಪಿನಿಂದ ಕಣ್ಣು ತುಂಬಿ, ಅದನ್ನೇ ತಂದು ನೆಟ್ಟಳಂತೆ. "ಏಪ್ರಿಲ್ ತಿಂಗಳು ಕಳೆದರೂ ಒಂದು ಹೂವೂ ಬರಲಿಲ್ಲ. ನಮ್ಮ ಶಾಲೆಯ ಮರವು ಆ ತಿಂಗಳಲ್ಲಿ ಹಳದಿಯಾಗಿ ಬಿಡುತ್ತಿತ್ತಲ್ಲವೇ? ಇದು ಯಾವಾಗ ಹೂಬಿಡುವುದು?" ಎಂದು ಕೇಳಿದ್ದಳು. ನಾವು ಹೆಚ್ಚು ವಿಚಾರಿಸದೆ, "ಗಿಡವು ಎಳೆಯದು, ಬರುವ ಏಪ್ರಿಲ್‌ನಲ್ಲಿ ಬಿಟ್ಟೀತು, ತಾಳ್ಮೆಯಿಂದಿರು" ಎಂದು ಉತ್ತರವಿತ್ತೆವು. ಮರುವರ್ಷ ಸೆಪ್ಟೆಂಬರಿನಲ್ಲಿ ಎರಡನೆಯ ಪತ್ರವು ಬಂದಿತು. ಗಿಡವು ಏಪ್ರಿಲ್‌ನಲ್ಲಿ ಅಲ್ಲ, ಮೇ ತಿಂಗಳ ಕಡೆಯಲ್ಲಿ ಹೂಬಿಟ್ಟಿತಂತೆ. ಆ ಬಳಿಕ ಅವರೆಯ ಕಾಯಿಯನ್ನು ಹೋಲುವ ಸಣ್ಣ ಕಾಯಿಗಳನ್ನು ಬಿಟ್ಟಿತಂತೆ. ಶಾಲೆಯಲ್ಲಿ ತಾವು ಕಕ್ಕೆಯ ಕಾಯಿಯ ಸಿಹಿಯಾದ ತಿರುಳನ್ನು ಕದ್ದು ನೆಕ್ಕುತ್ತಿದ್ದ ಕಥೆಯನ್ನು ತಾಯಿಯ ಬಾಯಿಂದ ಕೇಳಿದ್ದ ನಾಲ್ಕು ವರ್ಷದ ಮಗಳು ಆ ಕಾಯಿಗಳನ್ನು ಬಿಡಿಸಿ ಬೀಜಗಳನ್ನು ತಿಂದುಬಿಟ್ಟಳು. ವಾಂತಿಯಾಗಿ, ಮೈ ತಣ್ಣಗಾಗಿ, ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯಿತು. ದೇವರ ದಯೆಯಿಂದ ಮರುದಿನವೇ ಮಗುವು ಚೇತರಿಸಿಕೊಂಡಿತು.

ಆ ಪತ್ರವನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅವಳು ನಮ್ಮನ್ನು ಒಂದು ಮಾತಿನಿಂದಲೂ ದೂರಲಿಲ್ಲ. ಆದರೆ ಹೂಬಿಡುವ ಕಾಲವು ಬೇರೆಯೆಂದು ಅವಳು ತಿಳಿಸಿದಾಗಲೇ ಗಿಡವೂ ಬೇರೆಯಾಗಿರಬಹುದೆಂದು ನಮಗೆ ಹೊಳೆಯಬೇಕಾಗಿತ್ತು. ಮಕ್ಕಳಿಗೆ "ನೋಡಿ ಕಲಿಯಿರಿ" ಎಂದು ಹೇಳುವ ನಾವು ನೋಡದೆಯೇ ಉತ್ತರ ಕೊಟ್ಟೆವು. ಆದುದರಿಂದ ಅನಂತರ ಗ್ರಂಥಗಳಿಂದಲೂ ಬಲ್ಲವರಿಂದಲೂ ನಾವು ತಿಳಿದುಕೊಂಡುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇವೆ. ನಮ್ಮ ವಿದ್ಯಾರ್ಥಿನಿಯರು ಈಗ ನಾನಾ ದೇಶಗಳಲ್ಲಿ ಸಂಸಾರ ಹೂಡಿರುವುದರಿಂದ ಇದು ಬೇರೆ ಮನೆಗಳಿಗೂ ಉಪಯೋಗವಾದೀತು.

ನಿಜವಾದ ಲಬರ್ನಮ್ ಯೂರೋಪು ಖಂಡದ ಗಿಡ. ಅದರ ತವರು ಆ ಖಂಡದ ಮಧ್ಯಭಾಗದ ಮತ್ತು ತೆಂಕಣ ಭಾಗದ ಬೆಟ್ಟಸೀಮೆಗಳು. ಇಂಗ್ಲೆಂಡಿಗೆ ಅದು ಹದಿನಾರನೆಯ ಶತಮಾನದಲ್ಲಿ ತೋಟದ ಅಲಂಕಾರಕ್ಕಾಗಿ ಬಂದಿತು. ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಅಡಿಗಳಿಗಿಂತ ಹೆಚ್ಚು ಎತ್ತರವಾಗದ ಈ ಗಿಡವನ್ನು ದೊಡ್ಡ ಪೊದೆಯೆಂದೂ ಚಿಕ್ಕ ಮರವೆಂದೂ ಕರೆಯಬಹುದು. ಇದರಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು: ಸಾಮಾನ್ಯ ಲಬರ್ನಮ್ ಒಂದು, ಬೆಟ್ಟದ ಲಬರ್ನಮ್ ಮತ್ತೊಂದು. ಎರಡನೆಯದನ್ನು ಸ್ಕಾಟ್ಲೆಂಡಿನ ಲಬರ್ನಮ್ ಎಂದೂ ಕರೆಯುತ್ತಾರೆ. ಇವೆರಡರ ಸಂಕರದಿಂದ ಹುಟ್ಟಿದ ಮೂರನೆಯದು ವಾಟರರನ ಲಬರ್ನಮ್. ಅದರಲ್ಲಿಯೂ ವೊಸ್ಸಿ ಎಂಬ ಬಗೆಯೇ ಇಂದಿನ ತೋಟಗಳಲ್ಲಿ ಹೆಚ್ಚಾಗಿ ಕಾಣಬರುತ್ತದೆ.

ಇನ್ನು ಹೂಬಿಡುವ ಕಾಲ. ಇಂಗ್ಲೆಂಡಿನ ಹವೆಯಲ್ಲಿ ಸಾಮಾನ್ಯ ಲಬರ್ನಮ್ ಮೇ ತಿಂಗಳ ನಡುವಿನಿಂದ ಜೂನ್ ಮೊದಲ ಭಾಗದ ವರೆಗೆ ಹೂಬಿಡುತ್ತದೆ. ಅದರ ಗೊಂಚಲು ಆರರಿಂದ ಹತ್ತು ಅಂಗುಲ ಉದ್ದವಾಗಿರುವುದು. ಬೆಟ್ಟದ ಲಬರ್ನಮ್ ಅದಕ್ಕಿಂತ ಎರಡು ಮೂರು ವಾರ ತಡವಾಗಿ ಜೂನ್‌ನಲ್ಲಿ ಅರಳುತ್ತದೆ. ಅದರ ಗೊಂಚಲು ಇನ್ನೂ ನೀಳ. ವೊಸ್ಸಿಯು ಮೇ ಕಡೆಯಲ್ಲಿ ಆರಂಭಿಸಿ ಜೂನ್‌ನಲ್ಲಿ ಮುಗಿಸುತ್ತದೆ. ಅದರ ಗೊಂಚಲು ಎರಡು ಅಡಿಗಳ ವರೆಗೂ ಇಳಿಬೀಳುವುದುಂಟು. ಒಂದು ಗಿಡದ ಹೂವಿನ ಸೊಗಸು ಎರಡು ಮೂರು ವಾರ ಮಾತ್ರ ನಿಲ್ಲುವುದು. ಗೊಂಚಲಿನಲ್ಲಿ ಕೊಂಬೆಗೆ ಸಮೀಪವಾದ ಹೂಗಳು ಮೊದಲು ಅರಳಿ, ತುದಿಯವು ಕಡೆಗೆ ಅರಳುತ್ತವೆ. ವಸಂತವು ಬೆಚ್ಚಗಿದ್ದ ವರ್ಷ ಕೆಲವು ದಿನ ಮುಂಚೆಯೂ, ಚಳಿಯು ಬಿಡದ ವರ್ಷ ಕೆಲವು ದಿನ ತಡವಾಗಿಯೂ ಹೂ ಬರುವುದು. ಉತ್ತರದ ಊರುಗಳಲ್ಲಿ ದಕ್ಷಿಣದ ಊರುಗಳಿಗಿಂತ ತಡ.

ಹೀಗೆ ಮೇ ತಿಂಗಳನ್ನೇ ಕಾಯುವುದಕ್ಕೆ ಕಾರಣವೇನೆಂದರೆ, ಈ ಗಿಡದ ಮೊಗ್ಗಿನ ಕಣ್ಣುಗಳು ಹಿಂದಿನ ಬೇಸಗೆಯಲ್ಲಿಯೇ ಬಲಿತ ಕಡ್ಡಿಗಳ ಗಿಡ್ಡ ಗೆಣ್ಣುಗಳ ಮೇಲೆ ಮೂಡುತ್ತವೆ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ, ಗಿಡವು ಬರಿಯ ಕಡ್ಡಿಯಾಗಿ ನಿಂತಿರುವಾಗ ಆ ಕಣ್ಣುಗಳು ನಿದ್ರಿಸುತ್ತಿರುತ್ತವೆ. ಚಳಿಯು ಕಳೆದು, ಹಗಲು ದೀರ್ಘವಾಗಿ, ನೆಲವು ಬೆಚ್ಚಗಾದ ಮೇಲೆ ಎಲೆಯು ಮೊದಲು ಚಿಗುರಿ ಅದರ ಹಿಂದೆಯೇ ಹೂವು ಬರುತ್ತದೆ. ಇದರಿಂದ ತೋಟಗಾರರು ತಿಳಿಯತಕ್ಕದ್ದು ಎರಡು ಸಂಗತಿ. ಮೊದಲನೆಯದು, ಬೀಜದಿಂದ ಬೆಳೆದ ಸಸಿಯು ಹೂಬಿಡಲು ಹಲವು ವರ್ಷ ಬೇಕು. ಕಸಿಮಾಡಿದ ಗಿಡವು ಬೇಗನೆ ಬಿಡುವುದು. ಎರಡನೆಯದು, ಕೊಂಬೆಯನ್ನು ಕಂಡ ಕಂಡ ಕಾಲದಲ್ಲಿ ಕತ್ತರಿಸಬಾರದು. ವಸಂತದಲ್ಲಿ ಕತ್ತರಿಸಿದರೆ ಗಾಯದಿಂದ ರಸವು ಸುರಿಯುವುದಲ್ಲದೆ ಆ ವರ್ಷದ ಹೂವೂ ನಷ್ಟವಾಗುವುದು. ಬೇಸಗೆಯ ಕಡೆಯಿಂದ ಚಳಿಗಾಲದ ನಡುವಿನ ವರೆಗೆ ಬೇಕಾದಷ್ಟನ್ನೇ ಮಿತವಾಗಿ ಕತ್ತರಿಸತಕ್ಕದ್ದು. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ನೆಲವು ಅದಕ್ಕೆ ಹಿತ.

ಈ ಕ್ರಮವನ್ನು ವರ್ಷವರ್ಷವೂ ತಪ್ಪದೆ ನಡಸಿದರೆ ಏನಾಗುವುದೆಂಬುದಕ್ಕೆ ಉತ್ತರ ವೇಲ್ಸ್ ಪ್ರಾಂತದ ಬಾಡ್‌ನಂಟ್ ತೋಟವೇ ಸಾಕ್ಷಿ. ಅಲ್ಲಿ ಹೆನ್ರಿ ಪೋಚಿನ್ ಎಂಬವರು ೧೮೮೦ರಲ್ಲಿ ದಾರಿಯ ಎರಡು ಪಕ್ಕಗಳಲ್ಲಿಯೂ ಲಬರ್ನಮ್ ಗಿಡಗಳನ್ನು ನೆಡಿಸಿ, ಚಪ್ಪರದಂತೆ ಬಾಗಿಸಿ ಕಟ್ಟಿಸಿದರು. ಸುಮಾರು ೧೮೦ ಅಡಿ ಉದ್ದವಾದ ಆ ಹೂಚಪ್ಪರವು ಇಂದಿಗೂ ಮೇ ಕಡೆಯಲ್ಲಿಯೂ ಜೂನ್ ಮೊದಲಲ್ಲಿಯೂ ಚಿನ್ನದ ಮಳೆಯಂತೆ ತಲೆಯ ಮೇಲೆ ತೂಗುತ್ತದೆ. ಎರಡು ಮೂರು ವಾರದ ಆ ಸೊಬಗಿಗಾಗಿ ಚಳಿಗಾಲದಲ್ಲಿ ತೋಟದವರು ಕಡ್ಡಿಕಡ್ಡಿಯನ್ನೂ ಸವರಿ ಬಿಗಿದು ಕಟ್ಟುತ್ತಾರೆ.

ಇಷ್ಟು ಸುಂದರವಾದ ಗಿಡದಲ್ಲಿ ವಿಷವುಂಟೆಂಬುದನ್ನು ಮಾತ್ರ ಒಂದು ಕ್ಷಣವೂ ಮರೆಯಲಾಗದು. ಲಬರ್ನಮ್‌ನ ಎಲ್ಲಾ ಭಾಗಗಳಲ್ಲಿಯೂ, ವಿಶೇಷವಾಗಿ ಬೀಜಗಳಲ್ಲಿ, ಸಿಟಿಸಿನ್ ಎಂಬ ವಿಷದ್ರವ್ಯವಿದೆ. ಅದು ಹೊಗೆಸೊಪ್ಪಿನ ನಿಕೊಟಿನ್ನಿನಂತೆ ನರಗಳ ಮೇಲೆ ಕೆಲಸಮಾಡುವುದು. ತಿಂದವರಿಗೆ ಬಾಯುರಿ, ಓಕರಿಕೆ, ವಾಂತಿ, ಹೊಟ್ಟೆನೋವು, ಮಂಪರು ಉಂಟಾಗುತ್ತವೆ. ಹೆಚ್ಚಾಗಿ ತಿಂದಲ್ಲಿ ಸೆಳವು ಬಂದು ಉಸಿರಾಟಕ್ಕೇ ತೊಂದರೆಯಾಗಬಹುದು. ಮರಣವಾಗುವುದು ಬಹು ಅಪರೂಪವಾದರೂ ಎಳೆಯ ಮಕ್ಕಳ ವಿಷಯದಲ್ಲಿ ಅಪರೂಪವೆಂಬ ಮಾತು ತಾಯಿಗೆ ಸಮಾಧಾನವನ್ನು ಕೊಡದು. ಕುದುರೆ ದನಗಳಿಗೂ ಇದು ವಿಷವೇ. ಕಾಯಿಯು ಬಟಾಣಿಯನ್ನೂ ಅವರೆಯನ್ನೂ ಹೋಲುವುದರಿಂದ ಮಕ್ಕಳು ಮೋಸಹೋಗುತ್ತಾರೆ.

ಆದುದರಿಂದ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಈ ಗಿಡವನ್ನು ನೆಡದಿರುವುದೇ ಲೇಸು. ಮುಂಚೆಯೇ ಇದ್ದರೆ, ಹೂವು ಬಾಡಿದ ಕೂಡಲೆ ಗೊಂಚಲುಗಳನ್ನು ಕತ್ತರಿಸಿಹಾಕಿ ಕಾಯಿಗಟ್ಟದಂತೆ ನೋಡಿಕೊಳ್ಳಬೇಕು. ವೊಸ್ಸಿಯು ಕಾಯಿಯನ್ನು ಕಡಮೆಯಾಗಿ ಬಿಡುವುದೇನೋ ನಿಜ. ಆದರೂ ಎಲೆ ತೊಗಟೆಗಳಲ್ಲಿ ವಿಷವಿದ್ದೇ ಇದೆ. ಮಗುವು ಬೀಜವನ್ನು ತಿಂದಿತೆಂದು ತಿಳಿದರೆ ಬಾಯಲ್ಲಿ ಉಳಿದುದನ್ನು ತೆಗೆದುಹಾಕಿ, ಬಲವಂತವಾಗಿ ವಾಂತಿಮಾಡಿಸದೆ, ಮನೆಮದ್ದಿನಲ್ಲಿ ಹೊತ್ತುಗಳೆಯದೆ, ತಕ್ಷಣವೇ ವೈದ್ಯರ ಸಹಾಯವನ್ನು ಪಡೆಯತಕ್ಕದ್ದು. ತಿಂದ ಕಾಯಿಯ ಒಂದು ಚೂರನ್ನು ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಗುರುತು ಹಿಡಿಯಲು ಅನುಕೂಲ. ನಮ್ಮ ವಿದ್ಯಾರ್ಥಿನಿಯು ಹಾಗೆ ಮಾಡಿದ್ದಳೆಂಬುದನ್ನು ನಾವು ಮೆಚ್ಚಿಕೆಯಿಂದ ತಿಳಿಸುತ್ತೇವೆ. ಇನ್ನೊಂದು ಸೋಜಿಗವೇನೆಂದರೆ, ವೈದ್ಯರು ಅಳತೆಯರಿತು ಕೊಟ್ಟಾಗ ಇದೇ ಸಿಟಿಸಿನ್ ಔಷಧವೂ ಆಗುತ್ತದೆ. ಹೊಗೆಸೇದುವ ಚಟವನ್ನು ಬಿಡಿಸಲು ಬಲ್ಗೇರಿಯ ದೇಶದಲ್ಲಿ ೧೯೬೪ರಿಂದ ಅದು ಮಾತ್ರೆಯ ರೂಪದಲ್ಲಿ ಬಳಕೆಗೆ ಬಂದಿತು.

ಈಗ ನಮ್ಮ ಕಕ್ಕೆಯ ಕಡೆಗೆ ತಿರುಗೋಣ. ಇದನ್ನು ಇಂಗ್ಲಿಷಿನಲ್ಲಿ ಇಂಡಿಯನ್ ಲಬರ್ನಮ್ ಎಂದು ಕರೆಯುವುದು ವಾಡಿಕೆ. ಮೊದಲ ಪದವು ನಮ್ಮ ಬಾಯಲ್ಲಿ ಬಿದ್ದುಹೋದುದರಿಂದಲೇ ಈ ಗೊಂದಲವಾಯಿತು. ೧೭೫೩ರಲ್ಲಿ ಲಿನೀಯಸ್ ಪಂಡಿತರು ಇದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರು ಕ್ಯಾಸಿಯಾ ಫಿಸ್ಟುಲಾ. ನಮ್ಮ ವೈದ್ಯಗ್ರಂಥಗಳಲ್ಲಿ ಆರಗ್ವಧವೆಂದೂ ರಾಜವೃಕ್ಷವೆಂದೂ ಹೆಸರಾಗಿದೆ. ಮಲಯಾಳಿಗಳು ಕಣಿಕೊನ್ನವೆಂದು ಕರೆದು ವಿಷುಹಬ್ಬದ ಬೆಳಗ್ಗೆ ಕಣಿಯಲ್ಲಿ ಇದರ ಹೂವನ್ನಿರಿಸುತ್ತಾರೆ. ಇದು ಕೇರಳದ ರಾಜ್ಯಪುಷ್ಪ. ೨೦೦೧ರಿಂದ ಥಾಯ್ಲೆಂಡಿನ ರಾಷ್ಟ್ರಪುಷ್ಪವೂ ಆಗಿದೆ. ಕಕ್ಕೆ, ಲಬರ್ನಮ್ ಎರಡೂ ಅವರೆ ತೊಗರಿಗಳ ದೊಡ್ಡ ಕುಲಕ್ಕೇ ಸೇರಿದವುಗಳಾದರೂ, ಆ ಕುಲದೊಳಗೆ ಬೇರೆ ಬೇರೆ ಮನೆತನದವು, ದೂರದ ದಾಯಾದಿಗಳೆನ್ನಬಹುದು.

ಹೂವಿನ ಹಳದಿಯೊಂದನ್ನು ಬಿಟ್ಟರೆ ಇವೆರಡನ್ನು ಬೇರ್ಪಡಿಸುವುದು ಸುಲಭ. ಲಬರ್ನಮ್‌ನ ಎಲೆಯಲ್ಲಿ ಮೂರೇ ದಳ, ಮೆಂತ್ಯದ ಸೊಪ್ಪಿನಂತೆ. ಕಕ್ಕೆಯ ಎಲೆಯಲ್ಲಿ ಅಂಗೈಯಗಲದ ದಳಗಳು ಜೋಡಿಜೋಡಿಯಾಗಿ ಮೂರರಿಂದ ಎಂಟು ಜೋಡಿಗಳ ವರೆಗೆ. ಲಬರ್ನಮ್‌ನ ಹೂವು ಬಟಾಣಿಯ ಹೂವಿನಂತೆ ಚಿಟ್ಟೆಯಾಕಾರದ್ದು. ಕಕ್ಕೆಯ ಹೂವು ಐದು ಎಸಳುಗಳನ್ನು ಬಿಚ್ಚಿ ಹರಡಿದ್ದು, ನಡುವೆ ಮೂರು ಕೇಸರಗಳು ನೀಳವಾಗಿ ಕೊಕ್ಕೆಯಂತೆ ಬಾಗಿರುತ್ತವೆ. ಎಲ್ಲಕ್ಕಿಂತ ಕಾಯಿಯೇ ದೊಡ್ಡ ಗುರುತು. ಲಬರ್ನಮ್‌ನದು ಎರಡು ಮೂರು ಅಂಗುಲದ ಚಪ್ಪಟೆಯಾದ ಕಾಯಿ. ಕಕ್ಕೆಯದು ಒಂದರಿಂದ ಎರಡು ಅಡಿ ಉದ್ದವಾದ, ದೊಣ್ಣೆಯಂತೆ ದುಂಡಗಿರುವ ಕರಿಯ ಕಾಯಿ. ಅದರೊಳಗೆ ಬಿಲ್ಲೆಬಿಲ್ಲೆಯಾಗಿ ಗೋಡೆಗಳಿದ್ದು, ಒಂದೊಂದು ಗೂಡಿನಲ್ಲಿ ಒಂದೊಂದು ಬೀಜವೂ ಅದರ ಸುತ್ತ ಕಪ್ಪಾದ ಸಿಹಿ ತಿರುಳೂ ಇರುತ್ತವೆ. ನರಿ, ಕರಡಿ, ಕೋತಿಗಳು ಈ ತಿರುಳಿಗಾಗಿ ಕಾಯಿಯನ್ನು ಒಡೆದು ತಿಂದು ಬೀಜವನ್ನು ಕಾಡಿನಲ್ಲೆಲ್ಲ ಹರಡುತ್ತವೆ. ತಿರುಳು ಪೂರ್ವದಿಂದಲೂ ಭೇದಿಯ ಔಷಧವಾಗಿ ಪ್ರಸಿದ್ಧವಾಗಿದೆ. ಕದ್ದು ನೆಕ್ಕಿದ ನಮ್ಮ ಬಾಲಕಿಯರಿಗೆ ಮರುದಿನ ಬೆಳಗ್ಗೆ ಅದರ ಗುಣವು ಚೆನ್ನಾಗಿ ತಿಳಿಯುತ್ತಿತ್ತು! ಇದನ್ನೂ ವೈದ್ಯರ ಸಲಹೆಯಿಲ್ಲದೆ ಮಕ್ಕಳಿಗೆ ಕೊಡತಕ್ಕದ್ದಲ್ಲ.

ಹೂಬಿಡುವ ಕಾಲದಲ್ಲಿಯೂ ಇವೆರಡರ ಸ್ವಭಾವ ಬೇರೆ. ಲಬರ್ನಮ್ ಚಳಿಯು ಕಳೆಯುವುದನ್ನು ಕಾಯುತ್ತದೆ. ಕಕ್ಕೆಯು ಒಣಬಿಸಿಲನ್ನು ಕಾಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಮಳೆ ನಿಂತು, ನೆಲವು ಒಣಗಿ, ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿ ಮರವು ಬೋಳಾದ ಮೇಲೆ, ಮಾರ್ಚ್ ಕಡೆಯಿಂದ ಮೇ ವರೆಗೆ, ಉಳಿದ ಗಿಡಗಳೆಲ್ಲ ಬಾಡುತ್ತಿರುವಾಗ, ಇದು ಮೈತುಂಬ ಗೊಂಚಲು ಬಿಡುತ್ತದೆ. ಆಗ ಕರಿಯ ದೊಡ್ಡ ದುಂಬಿಗಳು ಬೆಳಗ್ಗೆಯೇ ಬಂದು ಝೇಂಕರಿಸುತ್ತವೆ. ಅವುಗಳ ಸೇವೆಯಿಂದಲೇ ಕಾಯಿಯಾಗುವುದು. ಕಾಯಿಯು ಮಳೆಗಾಲದಲ್ಲಿ ಹಸುರಾಗಿ ಬೆಳೆದು, ಚಳಿಗಾಲದಲ್ಲಿ ಕಪ್ಪಾಗಿ ಮಾಗುತ್ತದೆ. ಹೀಗೆ ಹಳೆಯ ಕಾಯಿ ಇರುವಾಗಲೇ ಹೊಸ ಹೂವು ಬರುವುದುಂಟು. ಈಚಿನ ವರ್ಷಗಳಲ್ಲಿ ಸೆಕೆಯು ಮುಂಚೆಯೇ ಹೆಚ್ಚುವುದರಿಂದ ಕೇರಳದಲ್ಲಿ ವಿಷುವಿಗೆ ಮೊದಲೇ ಹೂವು ಅರಳಿ ಉದುರುವುದನ್ನು ಅಲ್ಲಿಯವರು ಗಮನಿಸುತ್ತಿದ್ದಾರೆ.

ಕಕ್ಕೆಯ ಕೊಂಬೆಯನ್ನೂ ಕಾಲ ನೋಡಿಯೇ ಕತ್ತರಿಸಬೇಕೆಂಬುದನ್ನು ನಾವು ಅನುಭವದಿಂದ ಕಲಿತೆವು. ಒಂದು ಸಾರಿ ಜನವರಿಯಲ್ಲಿ ಶಾಲೆಯ ವಾರ್ಷಿಕೋತ್ಸವದ ಚಪ್ಪರಕ್ಕೆ ಅಡ್ಡವಾಗಿದ್ದುವೆಂದು ಮೂಡಲ ಕಡೆಯ ಕೊಂಬೆಗಳನ್ನು ಕಡಿಸಿದೆವು. ಆ ಏಪ್ರಿಲ್‌ನಲ್ಲಿ ಪಡುವಲ ಕಡೆಯೆಲ್ಲ ಹಳದಿ, ಮೂಡಲ ಕಡೆ ಒಂದು ಗೊಂಚಲೂ ಇಲ್ಲ. ಮಳೆ ಸಾಲದುದರಿಂದ ಹೀಗಾಯಿತೆಂದು ನಾವು ಹೇಳುತ್ತಿರಲು, ತೋಟದ ಮುದುಕನು, "ಮಳೆ ಎರಡು ಕಡೆಗೂ ಒಂದೇ ಅಲ್ಲವೇ ಅಮ್ಮಾವ್ರೇ?" ಎಂದನು. ಅಂದಿನಿಂದ ಹೂವು ಮುಗಿದ ಮೇಲೆಯೇ ಕತ್ತಿಯನ್ನು ಮುಟ್ಟುತ್ತೇವೆ. ಬೀಜವನ್ನು ಬಿತ್ತಬೇಕೆನ್ನುವವರು ಅದರ ಸಿಪ್ಪೆಯು ಬಹು ಗಟ್ಟಿಯೆಂಬುದನ್ನು ನೆನಪಿಡಬೇಕು. ಒರಟು ಕಲ್ಲಿನ ಮೇಲೆ ಸ್ವಲ್ಪ ಉಜ್ಜಿ ಒಂದು ದಿನ ನೀರಿನಲ್ಲಿ ನೆನೆಯಿಟ್ಟು ಬಿತ್ತಿದರೆ ಬೇಗ ಮೊಳೆಯುತ್ತದೆ.

ಒಂದು ಮಾತನ್ನು ಇಲ್ಲಿ ಹೇಳದಿರಲಾರೆವು. ನಮ್ಮ ಮರವು ತುಂಬಿ ಅರಳುವ ದಿನಗಳಲ್ಲಿ ಶಾಲೆಗೆ ಬೇಸಗೆಯ ರಜೆ. ನಿಮ್ಮಲ್ಲಿ ಬಹು ಮಂದಿ ಕಂಡಿರುವುದು ಪರೀಕ್ಷೆಯ ವೇಳೆಯ ಮೊದಲ ಹೂಗಳನ್ನು ಮಾತ್ರ. ಪೂರ್ಣವಾದ ಸೊಬಗನ್ನು ಕಂಡವರು, ರಜೆಯಲ್ಲಿ ಹೋಗಲು ಮನೆಯಿಲ್ಲದೆ ಬೋರ್ಡಿಂಗಿನಲ್ಲಿಯೇ ಉಳಿಯುತ್ತಿದ್ದ ಕೆಲವೇ ಮಕ್ಕಳು. ಗೆಳತಿಯರೆಲ್ಲ ಪೆಟ್ಟಿಗೆ ಹೊತ್ತು ಹೊರಟುಹೋದ ಮೇಲೆ ಬಿಕೋ ಎನ್ನುವ ಅಂಗಳದಲ್ಲಿ ಅವರು ಉದುರಿದ ಎಸಳುಗಳನ್ನು ಸೆರಗಿನಲ್ಲಿ ತುಂಬಿ ನಮ್ಮ ಕೋಣೆಗೆ ತರುತ್ತಿದ್ದರು. ಇಂಗ್ಲೆಂಡಿನಿಂದ ಪತ್ರ ಬರೆದವಳೂ ಅವರಲ್ಲಿ ಒಬ್ಬಳು. ದೂರದೇಶದಲ್ಲಿ ಒಂದು ಚೀಟಿಯ ಮೇಲಿನ ಹೆಸರನ್ನು ಕಂಡು ಅವಳಿಗೆ ಕಣ್ಣು ತುಂಬಿದ್ದೇಕೆಂಬುದನ್ನು ಬಲ್ಲ ನಮಗೆ, ಆ ಹೆಸರನ್ನು ಸರಿಯಾಗಿ ಕಲಿಸದೆ ಹೋದೆವಲ್ಲಾ ಎಂಬ ನೋವು ಇಂದಿಗೂ ಇದೆ.

ಮರದ ಕಾಂಡದಲ್ಲಿ ತೂಗುತ್ತಿದ್ದ "ಲಬರ್ನಮ್" ಎಂಬ ಹಳೆಯ ಹಲಗೆಯನ್ನು ತೆಗೆಯಿಸಿದ್ದೇವೆ. ಹೊಸ ಹಲಗೆಯ ಮೇಲೆ ಎಂಟನೆಯ ತರಗತಿಯ ಬಾಲಕಿಯರು ಅಂದವಾದ ಅಕ್ಷರಗಳಲ್ಲಿ "ಕಕ್ಕೆ" ಎಂದು ಬರೆದಿದ್ದಾರೆ. ಕೆಳಗೆ ಶಾಸ್ತ್ರೀಯ ಹೆಸರೂ ಹೂಬಿಡುವ ತಿಂಗಳುಗಳೂ ಇವೆ. ಇಂಗ್ಲೆಂಡಿನ ಆ ತೋಟದಲ್ಲಿ ಲಬರ್ನಮ್ ಇದ್ದ ಸ್ಥಳದಲ್ಲಿ ಈಗ ಒಂದು ಸೇಬಿನ ಗಿಡವಿದೆಯಂತೆ. ಹಳೆಯ ವಿದ್ಯಾರ್ಥಿನಿಯರೇ, ಬರುವ ಏಪ್ರಿಲ್‌ನಲ್ಲಿ ಸಾಧ್ಯವಾದವರು ಮಕ್ಕಳನ್ನು ಕರೆದುಕೊಂಡು ಬನ್ನಿರಿ. ರಜೆಯಾದರೂ ಬಾಗಿಲು ತೆರೆದಿರುವುದು. ನಿಮ್ಮ ಮರವನ್ನು ಅದರ ಸ್ವಂತ ಹೆಸರಿನಿಂದ ಅವರಿಗೆ ತೋರಿಸುವಿರಂತೆ.